ರಾಕ್ಮಾನಿನಾಫ್‌ನ 'ಮೃತರ ದ್ವೀಪ' ಕೇಳುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಎಲ್ಲಿಂದ ಶುರು ಮಾಡಬೇಕು ಎಂದು ಯಾರಾದರೂ ಕೇಳಿದರೆ ಸಾಮಾನ್ಯವಾಗಿ ಮೊಜಾರ್ಟ್, ಬೀಥೋವನ್ ಹೆಸರು ಬರುತ್ತದೆ. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ನಾನು ಹೇಳುವ ಹೆಸರು ಬೇರೆ. ರಷ್ಯಾದ ಸೆರ್ಗೈ ರಾಕ್ಮಾನಿನಾಫ್ 1909ರಲ್ಲಿ ಮುಗಿಸಿದ 'ಐಲ್ ಆಫ್ ದ ಡೆಡ್', ಅಂದರೆ 'ಮೃತರ ದ್ವೀಪ'. ಸುಮಾರು ಇಪ್ಪತ್ತು ನಿಮಿಷದ, ಪೂರ್ಣ ವಾದ್ಯವೃಂದಕ್ಕೆ ಬರೆದ, ಮಾತಿಲ್ಲದ ಕೃತಿ. ಅದರ ಬಹುಭಾಗ ಐದಕ್ಷರದ ನಡೆಯಲ್ಲಿದೆ. ಐದನ್ನು ಎಣಿಸುವುದು ಯುರೋಪಿನ ಕೇಳುಗರಿಗೆ ಆ ಕಾಲಕ್ಕೆ ಅಪರೂಪದ ಅನುಭವ. ನಮ್ಮಲ್ಲಿ ಸಂಗೀತ ಪಾಠಕ್ಕೆ ಹೋದ ಮಕ್ಕಳಿಗೂ ಖಂಡ ಚಾಪು ಎಂಬ ಐದಕ್ಷರದ ತಾಳ ಗೊತ್ತು. ಈ ಕೃತಿಯ ಬಾಗಿಲು ಅಲ್ಲಿಯೇ ಇದೆ ಎಂಬುದು ನನ್ನ ದೃಢವಾದ ನಂಬಿಕೆ. ರಾಗ, ಭಾವ, ಚಿತ್ರ, ಕಥೆ ಎಲ್ಲ ಆಮೇಲೆ. ಮೊದಲು ಎಣಿಸಿ.

ಸಾವಿನ ಕುರಿತ ಕೃತಿ ಎಂದು ಹಿಂಜರಿಯಬೇಡಿ. ಇದರಲ್ಲಿ ಗೋಳಾಟವಿಲ್ಲ, ಹೆದರಿಸುವ ಉದ್ದೇಶವೂ ಇಲ್ಲ. ತುಂಬ ಗಂಭೀರವಾದ, ತುಂಬ ಪ್ರಾಮಾಣಿಕವಾದ ಸಂಗೀತ ಇದು.

ಹಂತ 1: ಕೇಳುವ ಸಾಧನ ಸರಿ ಮಾಡಿಕೊಳ್ಳಿ

ಮೊಬೈಲ್ ಸ್ಪೀಕರ್‌ನಲ್ಲಿ ಇದನ್ನು ಕೇಳಲೇಬೇಡಿ. ಕೃತಿ ಶುರುವಾಗುವುದು ಅತಿ ಕೆಳಸ್ಥಾಯಿಯಲ್ಲಿ: ಡಬಲ್ ಬಾಸ್, ಚೆಲೊ ಎಂಬ ಪಿಟೀಲು ಜಾತಿಯ ದೊಡ್ಡ ವಾದ್ಯಗಳು, ಟಿಂಪನಿ ಎಂಬ ದೊಡ್ಡ ತಾಮ್ರದ ನಗಾರಿ, ಹಾರ್ಪ್‌ನ ದಪ್ಪ ತಂತಿಗಳು. ಡಬಲ್ ಬಾಸ್‌ನ 'ಎ' ತಂತಿ ಸೆಕೆಂಡಿಗೆ 55 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ನಾದವನ್ನು ಹೊರಡಿಸುವ ಶಕ್ತಿ ಮೊಬೈಲ್‌ನ ಪುಟ್ಟ ಸ್ಪೀಕರ್‌ಗೆ ಇಲ್ಲ. ಮೊದಲ ಎರಡು ನಿಮಿಷ ಏನೂ ಕೇಳಿಸದೆ, 'ಇನ್ನೂ ಶುರುವೇ ಆಗಿಲ್ಲವಲ್ಲ' ಅನಿಸಿ ಬಿಟ್ಟುಬಿಡುತ್ತೀರಿ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಅಥವಾ ಮನೆಯ ದೊಡ್ಡ ಸ್ಪೀಕರ್ ಬೇಕು.

ಇನ್ನೊಂದು ತೊಂದರೆ ವಾಲ್ಯೂಮ್‌ನದು. ಮೆಲ್ಲಗೆ ಶುರುವಾಗುತ್ತದೆಂದು ವಾಲ್ಯೂಮ್ ಏರಿಸಿದರೆ ಹತ್ತು ನಿಮಿಷದ ನಂತರ ಕಿವಿ ಗುಂಯ್ ಎನ್ನುತ್ತದೆ. ಮೊದಲು ಧ್ವನಿಮುದ್ರಿಕೆಯ ಮೂರನೇ ಎರಡು ಭಾಗದ ಆಸುಪಾಸಿಗೆ ಹೋಗಿ, ಅತಿ ಜೋರಾದ ಜಾಗ ಹುಡುಕಿ, ಅದು ಸಹಿಸುವಷ್ಟು ಮಟ್ಟಕ್ಕೆ ವಾಲ್ಯೂಮ್ ಇಡಿ. ಆಮೇಲೆ ಶುರುವಿಗೆ ಬಂದು ಅದನ್ನು ಮತ್ತೆ ಮುಟ್ಟಬೇಡಿ. ನಡುವೆ ಜಾಹೀರಾತು ಬರುವ ಆ್ಯಪ್ ಆದರೆ ಬೇರೆ ದಾರಿ ನೋಡಿಕೊಳ್ಳಿ. ಈ ಕೃತಿಯನ್ನು ನಡುವೆ ತುಂಡು ಮಾಡಿದರೆ ಮತ್ತೆ ಜೋಡಿಸಲು ಬರುವುದಿಲ್ಲ.

ಹಂತ 2: ಚಿತ್ರ ನೋಡಿ, ಬಣ್ಣವಿಲ್ಲದೆ

ಈ ಸಂಗೀತದ ಹಿಂದೆ ಒಂದು ಚಿತ್ರ ಇದೆ. ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ ಹುಟ್ಟಿ ಇಟಲಿಯಲ್ಲಿ ಬಹುಕಾಲ ಬದುಕಿದ ಆರ್ನಾಲ್ಡ್ ಬೋಕ್ಲಿನ್ 1880ರಿಂದ 1886ರವರೆಗೆ ಒಂದೇ ವಸ್ತುವನ್ನು ಐದು ಸಲ ಬರೆದ. ಕಡಿದಾದ ಬಂಡೆಗಳ ಒಂಟಿ ದ್ವೀಪ, ನಡುವೆ ಕಪ್ಪಗೆ ಎದ್ದು ನಿಂತ ಸೈಪ್ರೆಸ್ ಮರಗಳು, ಬಂಡೆಯಲ್ಲಿ ಕೊರೆದ ಗೋರಿಯ ಬಾಗಿಲುಗಳು. ದ್ವೀಪದ ಕಡೆಗೆ ಸಣ್ಣ ದೋಣಿಯೊಂದು ಹೋಗುತ್ತಿದೆ. ಅದರಲ್ಲಿ ಹುಟ್ಟು ಹಾಕುವವನು, ಬಿಳಿ ಬಟ್ಟೆ ಸುತ್ತಿಕೊಂಡು ಬೆನ್ನು ತೋರಿಸಿ ನಿಂತ ಒಂದು ಆಕೃತಿ, ಅದರ ಮುಂದೆ ಶವಪೆಟ್ಟಿಗೆ. ಆ ಪೆಟ್ಟಿಗೆಯೂ ಬಿಳಿ ಆಕೃತಿಯೂ ಮೊದಲು ಚಿತ್ರದಲ್ಲಿ ಇರಲಿಲ್ಲ. ಗಂಡನನ್ನು ಕಳೆದುಕೊಂಡ ಮಾರಿ ಬೆರ್ನಾ ಎಂಬಾಕೆ ಬೋಕ್ಲಿನ್‌ನ ಸ್ಟುಡಿಯೋಗೆ ಬಂದು, ಅರ್ಧ ಮುಗಿದ ಚಿತ್ರ ನೋಡಿ ತನಗೂ ಅಂಥದ್ದೊಂದು ಬೇಕೆಂದಳು. ಆಕೆಯ ಕೋರಿಕೆಯಂತೆ ಅವು ಸೇರಿದವು. ಚಿತ್ರಕ್ಕೆ ಆ ಪ್ರಸಿದ್ಧ ಹೆಸರು ಕೊಟ್ಟವನು ಬೋಕ್ಲಿನ್ ಅಲ್ಲ, ಚಿತ್ರ ಮಾರಾಟಗಾರ ಫ್ರಿಟ್ಸ್ ಗುರ್ಲಿಟ್.

ಐದರಲ್ಲಿ ಒಂದು ಎರಡನೇ ಮಹಾಯುದ್ಧದಲ್ಲಿ ನಾಶವಾಯಿತು. ಉಳಿದವು ಬಾಸೆಲ್, ನ್ಯೂಯಾರ್ಕ್, ಬರ್ಲಿನ್, ಲೈಪ್‌ಜಿಗ್‌ಗಳ ಸಂಗ್ರಹಾಲಯಗಳಲ್ಲಿವೆ. ನ್ಯೂಯಾರ್ಕ್‌ನದು ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಇರುವುದರಿಂದ ಅಮೆರಿಕದಲ್ಲಿರುವ ಕನ್ನಡಿಗರಿಗೆ ನೇರವಾಗಿ ನೋಡುವ ಅವಕಾಶ ಇದೆ.

ರಾಕ್ಮಾನಿನಾಫ್ 1907ರಲ್ಲಿ ಪ್ಯಾರಿಸ್‌ನಲ್ಲಿ ನೋಡಿದ್ದು ಮೂಲ ಚಿತ್ರವನ್ನಲ್ಲ, ಅದರ ಕಪ್ಪುಬಿಳುಪು ಪ್ರತಿಯನ್ನು. ಆಮೇಲೆ ಬಣ್ಣದ ಮೂಲವನ್ನು ನೋಡಿದಾಗ ಅದು ಅವನನ್ನು ಅಷ್ಟಾಗಿ ತಟ್ಟಲಿಲ್ಲ. ಮೊದಲೇ ಅದನ್ನು ನೋಡಿದ್ದರೆ ಈ ಕೃತಿ ಬರೆಯುತ್ತಿರಲಿಲ್ಲವೇನೋ ಎಂದು ಅವನೇ ಹೇಳಿದ್ದಾನೆ. ಹಾಗಾಗಿ ನೀವು ಮಾಡಬೇಕಾದ್ದು ಇಷ್ಟು: ಚಿತ್ರವನ್ನು ಫೋನಿಗೆ ಇಳಿಸಿಕೊಳ್ಳಿ, ಎಡಿಟ್‌ಗೆ ಹೋಗಿ ಬಣ್ಣ ಪೂರ್ತಿ ತೆಗೆಯಿರಿ, ಒಂದೆರಡು ನಿಮಿಷ ಸುಮ್ಮನೆ ನೋಡಿ. ಬಣ್ಣ ಹೋದ ತಕ್ಷಣ ಆಕಾಶಕ್ಕೂ ನೀರಿಗೂ ವ್ಯತ್ಯಾಸ ಕಡಿಮೆಯಾಗುತ್ತದೆ, ಮರಗಳ ಕಪ್ಪು ಇನ್ನೂ ಗಾಢವಾಗುತ್ತದೆ. ಸಂಗೀತದಲ್ಲಿ ಕೇಳುವುದು ಈ ಕಪ್ಪನ್ನೇ. ಆಮೇಲೆ ಫೋನ್ ಪಕ್ಕಕ್ಕಿಡಿ. ಕೇಳುವಾಗ ಚಿತ್ರ ಕಣ್ಣೆದುರು ಇರಬಾರದು. ಸಂಗೀತ ಚಿತ್ರದ ಚೌಕಟ್ಟನ್ನು ದಾಟಿ ಹೋಗುತ್ತದೆ, ಕಣ್ಣು ಅದನ್ನು ಹಿಡಿದು ನಿಲ್ಲಿಸುತ್ತದೆ.

ಹಂತ 3: ಐದನ್ನು ಕೈಗೆ ತನ್ನಿ

ಇದು ಈ ಮಾರ್ಗದರ್ಶಿಯ ಮುಖ್ಯ ಹಂತ, ಅವಸರ ಮಾಡಬೇಡಿ.

ಮೊದಲು ಸಂಗೀತವಿಲ್ಲದೆ ತೊಡೆಯ ಮೇಲೆ ಕೈಯಿಟ್ಟು ವಿಳಂಬ ಕಾಲದಲ್ಲಿ 'ತಕ ತಕಿಟ' ಹೇಳಿ. ಎರಡು, ಮೂರು. ಹೀಗೆ ಎಂಟು ಹತ್ತು ಆವರ್ತ. ಆಮೇಲೆ ತಿರುವುಮುರುವು ಮಾಡಿ: 'ತಕಿಟ ತಕ'. ಮೂರು, ಎರಡು. ಎರಡೂ ಸಲೀಸಾದ ಮೇಲೆ ಧ್ವನಿಮುದ್ರಿಕೆ ಹಾಕಿ, ಮೊದಲ ಒಂದು ನಿಮಿಷ ಮಾತ್ರ ಕೇಳಿ. ಚೆಲೊಗಳಲ್ಲಿ ಮೇಲೇರಿ ಕೆಳಗಿಳಿಯುವ ಒಂದು ಚಲನೆ ಇದೆ. ಅದು ಐದಕ್ಷರದ್ದು. ಎಣಿಸಿದರೆ ಕೈಗೆ ಸಿಗುತ್ತದೆ.

ಈ ಐದನ್ನು ಚಿತ್ರದ ದೋಣಿಯ ಹುಟ್ಟು ಎಂದುಕೊಳ್ಳಿ. ಹುಟ್ಟು ನೀರಿಗೆ ಇಳಿದು ಎಳೆಯುವುದು ಒಂದು ಭಾಗ, ಎದ್ದು ಮುಂದಕ್ಕೆ ಬರುವುದು ಇನ್ನೊಂದು ಭಾಗ. ಎರಡೂ ಸಮ ಇಲ್ಲ, ಒಂದು ಮೊಟಕು, ಒಂದು ಉದ್ದ. ನಾಲ್ಕರ ನಡೆಯಲ್ಲಿ ಬರೆದಿದ್ದರೆ ಇದು ಶವಯಾತ್ರೆಯ ಕವಾಯತು ಆಗಿಬಿಡುತ್ತಿತ್ತು. ಮೂರರಲ್ಲಿ ಬರೆದಿದ್ದರೆ ತೊಟ್ಟಿಲು. ಐದರಲ್ಲಿ ಬರೆದದ್ದರಿಂದ ನೀರು ಕಾಲ ಕೆಳಗೆ ಅಲುಗುತ್ತಲೇ ಇರುತ್ತದೆ, ನೆಲ ಸಿಗುವುದಿಲ್ಲ. ಅದೂ ಸಾಲದೆಂಬಂತೆ ರಾಕ್ಮಾನಿನಾಫ್ ಎರಡು-ಮೂರನ್ನು ಮೂರು-ಎರಡಾಗಿ ಬದಲಿಸುತ್ತ ಹೋಗುತ್ತಾನೆ. ನಿಮ್ಮ 'ತಕ ತಕಿಟ' ಒಂದು ಕಡೆ ಒಗ್ಗದೆ ಹೋದರೆ ಎಣಿಕೆ ತಪ್ಪಿತು ಎಂದುಕೊಳ್ಳಬೇಡಿ. 'ತಕಿಟ ತಕ'ಕ್ಕೆ ಹೊರಳಿ ನೋಡಿ.

ಒಂದು ಎಚ್ಚರಿಕೆ ಹೇಳಬೇಕು. ಖಂಡ ಚಾಪು ನಮ್ಮಲ್ಲಿ ಚುರುಕಿನ, ಉತ್ಸಾಹದ ತಾಳ. ಮೃದಂಗದ ಗುಮ್ಕಿ, ತನಿ ಆವರ್ತನದ ಮುಕ್ತಾಯ ಎಲ್ಲ ನೆನಪಾಗುತ್ತದೆ. ಇಲ್ಲಿ ತಾಳವಾದ್ಯದ ಪೆಟ್ಟಿನಲ್ಲಿ ಐದು ಕೇಳಿಸುವುದಿಲ್ಲ, ತಂತಿಗಳ ಎಳೆತದಲ್ಲಿ ಕೇಳಿಸುತ್ತದೆ. ಲೆಕ್ಕ ನಮ್ಮದೇ, ಬಳಕೆ ಪೂರ್ತಿ ಬೇರೆ. ಆದ್ದರಿಂದ ಎರಡು ಮೂರು ನಿಮಿಷದ ಹೊತ್ತಿಗೆ ಕೈ ನಿಲ್ಲಿಸಿ, ಎಣಿಕೆಯನ್ನು ಉಸಿರಿಗೆ ಬಿಟ್ಟುಬಿಡಿ.

ಹಂತ 4: ನಾಲ್ಕು ಸ್ವರಗಳ ಗುರುತು ಮಾಡಿಕೊಳ್ಳಿ

ಕೃತಿಯಲ್ಲಿ ಒಂದು ಹಳೆಯ ಮಟ್ಟು ಅಡಗಿದೆ. ಕ್ಯಾಥೊಲಿಕ್ ಚರ್ಚಿನಲ್ಲಿ ಸತ್ತವರಿಗಾಗಿ ನಡೆಸುವ ಪೂಜೆಯಲ್ಲಿ ಶತಮಾನಗಳ ಕಾಲ ಹಾಡುತ್ತಿದ್ದ 'ದಿಯೆಸ್ ಈರೆ'. ದೇವರ ಕೋಪದ ದಿನ, ಅಂತಿಮ ತೀರ್ಪಿನ ದಿನವನ್ನು ನೆನೆಯುವ ಲ್ಯಾಟಿನ್ ಪದ್ಯ ಅದು. 1830ರಲ್ಲಿ ಸಂಗೀತ ರಚನಕಾರ ಬರ್ಲಿಯೋಜ್ ಅದನ್ನು ತನ್ನ ಸಿಂಫನಿಯೊಳಗೆ, ಅಂದರೆ ವಾದ್ಯವೃಂದದ ದೊಡ್ಡ ಕೃತಿಯೊಳಗೆ ತಂದ. ಆಮೇಲೆ ಇನ್ನೊಬ್ಬ ರಚನಕಾರ ಲಿಸ್ಟ್ ಬಳಸಿದ. ರಾಕ್ಮಾನಿನಾಫ್‌ನನ್ನಂತೂ ಅದು ಬದುಕಿಡೀ ಬಿಡಲಿಲ್ಲ.

ಅದರ ಶುರುವಿನ ನಾಲ್ಕು ಸ್ವರಗಳನ್ನು ನೀವೇ ಹಾಡಿಕೊಳ್ಳಬಹುದು. ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ ಹಿಡಿದು, ಖರಹರಪ್ರಿಯದ ಸ್ವರಸ್ಥಾನಗಳಲ್ಲಿ, ಗಮಕವಿಲ್ಲದೆ ನೇರವಾಗಿ ಹೇಳಿ: ಗ ರಿ ಗ ಸ. ಮುಂದುವರಿಸುವುದಾದರೆ ರಿ ನಿ ಸ ಸ, ಇಲ್ಲಿ ನಿಷಾದ ಮಂದ್ರದ ಕೈಶಿಕಿ. ಎಲ್ಲ ಸ್ವರಕ್ಕೂ ಒಂದೇ ಉದ್ದ. ಅಷ್ಟೇ. ಕೃತಿಯ ಶ್ರುತಿ ಎ ಮೈನರ್, ಹಾಗಾಗಿ 'ಎ'ಯನ್ನು ಷಡ್ಜ ಮಾಡಿಕೊಂಡು ಹಾಡಿದರೆ ಇನ್ನೂ ಒಳ್ಳೆಯದು. ಹಾರ್ಮೋನಿಯಂ ಇದ್ದರೆ ಒತ್ತಿ ನೋಡಿ.

ಈ ಮಟ್ಟು ಮೊದಲಿಗೆ ಪೂರ್ತಿಯಾಗಿ ಬರುವುದಿಲ್ಲ. ಅರ್ಧ ಗಂಟಲಲ್ಲಿ, ಹಾರ್ನ್‌ಗಳಲ್ಲಿ, ಕೆಳಗಿನ ತಂತಿಗಳಲ್ಲಿ ಸುಳಿವು ಕೊಟ್ಟು ಮರೆಯಾಗುತ್ತದೆ. ಗ-ರಿ-ಗ ಎಂಬ ತೂಗಾಟ ಕೇಳಿದಂತೆ ಅನಿಸಿ, ಖಚಿತವಾಗದೆ ಹೋದರೆ ನೀವು ಸರಿಯಾಗಿಯೇ ಕೇಳುತ್ತಿದ್ದೀರಿ. ರಾಗ ಯಾವುದು ಎಂದು ಹುಡುಕಲು ಮಾತ್ರ ಹೋಗಬೇಡಿ, ಅದು ಇಲ್ಲಿ ನೆರವಿಗೆ ಬರುವುದಿಲ್ಲ.

ಹಂತ 5: ಮೊದಲರ್ಧ, ದೋಣಿಯ ಪಯಣ

ಈಗ ಶುರುವಿನಿಂದ ಕೇಳಿ. ಚೆಲೊಗಳ ಐದರ ಮೇಲೆ ಸ್ವಲ್ಪ ಹೊತ್ತಿನಲ್ಲೇ ಫ್ರೆಂಚ್ ಹಾರ್ನ್ ಬರುತ್ತದೆ. ದುಂಡನೆಯ, ದೂರದಿಂದ ಕೇಳಿದಂಥ ನಾದ. ವಾದ್ಯವೃಂದದಲ್ಲಿ ಆರು ಹಾರ್ನ್‌ಗಳಿವೆ. ಜೊತೆಗೆ ಬಾಸ್ ಕ್ಲಾರಿನೆಟ್, ಕಾಂಟ್ರಾಬಸೂನ್ ಎಂಬ ಮಂದ್ರದ ಗಾಳಿವಾದ್ಯಗಳೂ ಇವೆ. ರಾಕ್ಮಾನಿನಾಫ್ ಕಪ್ಪನ್ನು ಬೆರೆಸಿದ್ದು ಇವುಗಳಿಂದ.

ನಮಗೆ ವೈತರಣಿ ಗೊತ್ತು. ಗ್ರೀಕರ ಕಥೆಯಲ್ಲಿ ಸತ್ತವರನ್ನು ನದಿ ದಾಟಿಸುವ ಅಂಬಿಗನ ಹೆಸರು ಕ್ಯಾರನ್. ಅವನ ಕೂಲಿಗೆಂದು ಹೆಣದ ಬಾಯಲ್ಲಿ ನಾಣ್ಯ ಇಡುತ್ತಿದ್ದರು. ಬಹಳಷ್ಟು ಕೇಳುಗರು ಈ ಐದರ ನಡೆಯಲ್ಲಿ ಅವನ ಹುಟ್ಟನ್ನೇ ಕೇಳುತ್ತಾರೆ, ಅದು ತಪ್ಪೇನಲ್ಲ. ಆದರೆ ನನ್ನ ಗಮನ ಯಾವಾಗಲೂ ಹೋಗುವುದು ಅಂಬಿಗನ ಕಡೆಗಲ್ಲ, ಅಂತರದ ಕಡೆಗೆ. ಮೊದಲ ನಿಮಿಷಗಳಲ್ಲಿ ಎಲ್ಲ ವಾದ್ಯಗಳೂ ಕೆಳಗೆ ಗುಂಪುಗೂಡಿವೆ. ನಿಧಾನವಾಗಿ ವಯೊಲಿನ್‌ಗಳು ಮೇಲೆ ಬರುತ್ತವೆ, ತಾರಸ್ಥಾಯಿಗೂ ಮಂದ್ರಕ್ಕೂ ನಡುವೆ ಜಾಗ ತೆರೆದುಕೊಳ್ಳುತ್ತದೆ. ದ್ವೀಪ ಹತ್ತಿರವಾಗುವುದನ್ನು ರಾಕ್ಮಾನಿನಾಫ್ ಕೇಳಿಸುವುದು ಹೀಗೆ, ಬರಿಯ ಸದ್ದು ಹೆಚ್ಚಿಸಿ ಅಲ್ಲ. ಅರ್ಧ ದಾರಿಯ ಹೊತ್ತಿಗೆ ಟ್ರಂಪೆಟ್, ಟ್ರಾಂಬೋನ್‌ಗಳು ಸೇರಿ ಇಡೀ ವಾದ್ಯವೃಂದ ಎದ್ದು ನಿಲ್ಲುತ್ತದೆ. ಬಂಡೆ ಎದುರಿಗೇ ಇದೆ.

ಮೊದಲ ಸಲ ಕೇಳುವವರಿಗೆ ಇದರ ಒಂಬತ್ತು ಹತ್ತು ನಿಮಿಷ ಉದ್ದ ಅನಿಸಬಹುದು. ಆಲಾಪನೆ ಕೇಳುವ ತಾಳ್ಮೆ ಇರುವವರಿಗೆ ಇದು ಭಾರವಲ್ಲ.

ಹಂತ 6: ಷಡ್ಜವೇ ಜಾಗ ಬಿಡುವ ಹೊತ್ತು

ಆ ಏರಿಕೆ ಇಳಿದ ಮೇಲೆ ಐದರ ನಡೆ ನಿಲ್ಲುತ್ತದೆ. ಮೂರರ ನಡೆ ಬರುತ್ತದೆ. ಶ್ರುತಿಯೂ ಬದಲಾಗುತ್ತದೆ: ಎ ಮೈನರ್‌ನಿಂದ ಇ ಫ್ಲ್ಯಾಟ್ ಮೇಜರ್‌ಗೆ. ಇದರ ತೂಕ ಕರ್ನಾಟಕ ಸಂಗೀತದ ಕಿವಿಗೆ ಬೇಗ ತಿಳಿಯುತ್ತದೆ. ನಮ್ಮ ಕಚೇರಿಯಲ್ಲಿ ತಂಬೂರಿಯ ಷಡ್ಜ ಮೊದಲಿಂದ ಕೊನೆಯವರೆಗೆ ಒಂದೇ. ಇಲ್ಲಿ ಆಧಾರ ಷಡ್ಜವೇ ಎದ್ದು ಪ್ರತಿ ಮಧ್ಯಮದ ಜಾಗಕ್ಕೆ ಹೋಗಿ ಕೂರುತ್ತದೆ. ಹನ್ನೆರಡು ಸ್ವರಸ್ಥಾನಗಳಲ್ಲಿ ಷಡ್ಜದಿಂದ ಅದಕ್ಕಿಂತ ದೂರದ ಜಾಗ ಇಲ್ಲ.

ರಾಕ್ಮಾನಿನಾಫ್ ಇಷ್ಟು ದೂರ ಯಾಕೆ ಹೋದ? ಉತ್ತರ ಅವನದೇ. ಅಮೆರಿಕದಲ್ಲಿ ಕಂಡಕ್ಟರ್, ಅಂದರೆ ವಾದ್ಯವೃಂದವನ್ನು ನಡೆಸುವವನಾಗಿದ್ದ ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿಗೆ ಬರೆದ ಪತ್ರದಲ್ಲಿ, ಈ ಭಾಗ ಚಿತ್ರದಲ್ಲಿ ಇಲ್ಲದ್ದು, ಚಿತ್ರಕ್ಕೆ ತಾನು ಸೇರಿಸಿದ್ದು ಎಂಬ ಅರ್ಥದ ಮಾತು ಹೇಳುತ್ತಾನೆ. ಉಳಿದದ್ದು ಸಾವು, ಇದು ಬದುಕು. ಆದ್ದರಿಂದ ಇಲ್ಲಿ ಹೆಚ್ಚು ವೇಗ, ಹೆಚ್ಚು ಕಳವಳ, ಹೆಚ್ಚು ಭಾವತೀವ್ರತೆ ಬೇಕೆಂದು ಕೇಳಿಕೊಳ್ಳುತ್ತಾನೆ.

ಈ ಒಂದು ವಿಷಯ ತಿಳಿದರೆ ಇಡೀ ಕೃತಿಯ ಆಕಾರ ಬದಲಾಗುತ್ತದೆ. ಬೋಕ್ಲಿನ್‌ನ ಬಿಳಿ ಆಕೃತಿ ನಮಗೆ ಮುಖ ತೋರಿಸುವುದಿಲ್ಲ. ರಾಕ್ಮಾನಿನಾಫ್ ಆ ಮುಖವನ್ನು ತಿರುಗಿಸಿ ತೋರಿಸಿದ. ವಯೊಲಿನ್‌ಗಳ ಆ ಹಾಡು ನೆನಪಿನದೋ, ಬದುಕಬೇಕೆಂಬ ಆಸೆಯದೋ, ನೀವೇ ಹೇಳಿಕೊಳ್ಳಿ. ಅದನ್ನು ಮಧ್ಯದ ವಿಶ್ರಾಂತಿ ಎಂದು ಕೇಳಿದರೆ ಮಾತ್ರ ಕೃತಿ ಕೈ ತಪ್ಪುತ್ತದೆ. ಅದು ಸಾವಿನ ಜೊತೆ ನಡೆಸುವ ವಾದ. ಒಂದೇ ಸಾಲು ಮತ್ತೆ ಮತ್ತೆ ಮೇಲಕ್ಕೆ ಹತ್ತಲು ನೋಡುತ್ತದೆ, ಪ್ರತಿ ಸಲ ಸ್ವಲ್ಪ ಎತ್ತರಕ್ಕೆ ಹೋಗಿ ಮುರಿಯುತ್ತದೆ.

ಕೊನೆಗೆ ಇಡೀ ವಾದ್ಯವೃಂದ ಒಂದೇ ಸ್ವರಗುಚ್ಛವನ್ನು ಬಿಡದೆ ಗುದ್ದುತ್ತದೆ. ನೀವು ವಾಲ್ಯೂಮ್ ಸರಿ ಮಾಡಿಕೊಂಡದ್ದು ಈ ಜಾಗಕ್ಕಾಗಿ.

ಹಂತ 7: ಗುದ್ದಿನ ನಂತರ

ಆ ಸದ್ದು ಕಡಿದು ಬಿದ್ದಮೇಲೆ ಕಿವಿ ಚುರುಕಾಗಿರಲಿ. ತಂತಿಗಳು ನಡುಗುತ್ತಿರುತ್ತವೆ, ಅದರ ಮೇಲೆ ಕ್ಲಾರಿನೆಟ್ ಮೆಲ್ಲಗೆ ನಾಲ್ಕು ಸ್ವರ ನುಡಿಸುತ್ತದೆ: ಗ ರಿ ಗ ಸ. ಇಷ್ಟು ಹೊತ್ತು ಸುಳಿವಾಗಿ ಮಾತ್ರ ಇದ್ದದ್ದು ಈಗ ಹೆಸರು ಹೇಳಿಕೊಂಡು ಬಂದಿದೆ. ಆಮೇಲೆ ಒಂಟಿ ವಯೊಲಿನ್, ಓಬೋ ಒಂದೊಂದು ಮಾತು ಆಡಿ ಹೋಗುತ್ತವೆ. ಐದರ ನಡೆ ಮರಳಿ ಬರುತ್ತದೆ, ಷಡ್ಜ ತನ್ನ ಜಾಗಕ್ಕೆ ವಾಪಸಾಗುತ್ತದೆ. ಇನ್ನು ಕೇಳುವುದು ಸುಲಭ, ಹೆಚ್ಚು ವಿವರಣೆ ಬೇಡ. ಮುಗಿದ ಕೂಡಲೇ ಮುಂದಿನ ಹಾಡು ತಾನಾಗಿ ಶುರುವಾಗದಂತೆ ಆಟೊಪ್ಲೇ ಮೊದಲೇ ಆಫ್ ಮಾಡಿರಿ.

ಹಂತ 8: ಯಾವ ಧ್ವನಿಮುದ್ರಿಕೆ

ಮೊದಲ ಸಲಕ್ಕೆ ವ್ಲಾಡಿಮಿರ್ ಆಶ್ಕೆನಾಜಿ ಆಮ್‌ಸ್ಟರ್‌ಡ್ಯಾಮ್‌ನ ಕಾನ್ಸರ್ಟ್‌ಹೆಬೌ ವಾದ್ಯವೃಂದದೊಂದಿಗೆ ಮಾಡಿದ್ದನ್ನು ಹಾಕಿ. ಮಂದ್ರದ ಪದರಗಳು ಅದರಲ್ಲಿ ಬಿಡಿಬಿಡಿಯಾಗಿ ಕೇಳುತ್ತವೆ. ಫ್ರಿಟ್ಸ್ ರೈನರ್ 1957ರಲ್ಲಿ ಶಿಕಾಗೊ ಸಿಂಫನಿ ವಾದ್ಯವೃಂದದೊಂದಿಗೆ ಮುದ್ರಿಸಿದ್ದು ಬಿಗಿ, ಕತ್ತಲೆ ಹೆಚ್ಚು. ಆಂದ್ರೆ ಪ್ರೆವಿನ್ ಲಂಡನ್ ಸಿಂಫನಿ ವಾದ್ಯವೃಂದದೊಂದಿಗೆ ಮಾಡಿದ್ದು ಹೃದಯಕ್ಕೆ ಹತ್ತಿರ.

ಎರಡನೇ ಅಥವಾ ಮೂರನೇ ಸಲಕ್ಕೆ ತಪ್ಪದೆ ಕೇಳಬೇಕಾದದ್ದು 1929ರದು. ಫಿಲಡೆಲ್ಫಿಯಾ ವಾದ್ಯವೃಂದವನ್ನು ನಡೆಸುತ್ತಿರುವವನು ರಾಕ್ಮಾನಿನಾಫ್ ಸ್ವತಃ. ಅರಗಿನ ತಟ್ಟೆಯ ಕಾಲದ ಮುದ್ರಣ, ಚರಚರ ಇದೆ, ಮಂದ್ರ ತೆಳುವು. ಕೆಲವು ಭಾಗಗಳನ್ನು ಅವನು ಕತ್ತರಿಸಿಯೂ ಇದ್ದಾನೆ. ಆದರೂ ದೋಣಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಉಳಿದವರು ಗಾಂಭೀರ್ಯಕ್ಕಾಗಿ ನಿಧಾನಿಸುವ ಕಡೆ ಅವನು ಹುಟ್ಟು ಹಾಕುತ್ತಲೇ ಇರುತ್ತಾನೆ. ಗಾಂಭೀರ್ಯ ನಿಧಾನದಲ್ಲಿಲ್ಲ, ಬಿಡದ ನಡೆಯಲ್ಲಿದೆ ಎಂಬುದು ನನಗೆ ಆ ಮುದ್ರಿಕೆಯಿಂದ ಮನವರಿಕೆಯಾಯಿತು.

ಸ್ಟಾಫ್ ನೊಟೇಶನ್ ಓದಲು ಬರುವವರಿಗೆ ಸ್ವರಲಿಪಿ ಐಎಂಎಸ್‌ಎಲ್‌ಪಿ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮೊದಲ ಪುಟ ತೆರೆದು ಐದರ ಗುಂಪುಗಳನ್ನು ಬೆರಳಿಟ್ಟು ನೋಡಿ.

ಬರೆದವನ ಬಗ್ಗೆ, ಮತ್ತು ಮೈಸೂರಿನ ಒಂದು ಎಳೆ

ರಾಕ್ಮಾನಿನಾಫ್ ಹುಟ್ಟಿದ್ದು 1873ರಲ್ಲಿ. 1897ರಲ್ಲಿ ಅವನ ಮೊದಲ ಸಿಂಫನಿ ಪೀಟರ್ಸ್‌ಬರ್ಗ್‌ನಲ್ಲಿ ನೆಲ ಕಚ್ಚಿತು. ಮೂರು ವರ್ಷ ಹೆಚ್ಚೇನೂ ಬರೆಯಲಾಗಲಿಲ್ಲ. ನಿಕೊಲಾಯ್ ಡಾಲ್ ಎಂಬ ವೈದ್ಯನ ಚಿಕಿತ್ಸೆಯ ನಂತರ ಎರಡನೇ ಪಿಯಾನೊ ಕಾನ್ಸರ್ಟೊ, ಅಂದರೆ ಪಿಯಾನೊ ಮತ್ತು ವಾದ್ಯವೃಂದ ಜೊತೆಯಾಗಿ ನುಡಿಸುವ ಕೃತಿ, ಬಂತು. 1906ರಲ್ಲಿ ಮಾಸ್ಕೋದ ಗದ್ದಲ ಬಿಟ್ಟು ಕುಟುಂಬದೊಂದಿಗೆ ಜರ್ಮನಿಯ ಡ್ರೆಸ್ಡೆನ್‌ಗೆ ಹೋದ. 'ಮೃತರ ದ್ವೀಪ' ಬರೆದದ್ದು ಅಲ್ಲಿ. 1909ರ ವಸಂತದಲ್ಲಿ ಮಾಸ್ಕೋದಲ್ಲಿ ತಾನೇ ಕಂಡಕ್ಟ್ ಮಾಡಿ ಮೊದಲ ಸಲ ಕೇಳಿಸಿದ. ಅರ್ಪಣೆ ಗೆಳೆಯ ನಿಕೊಲಾಯ್ ಸ್ಟ್ರೂವೆಗೆ.

ಅವನ ಇನ್ನೊಬ್ಬ ಆಪ್ತ, ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್. ರಾಕ್ಮಾನಿನಾಫ್ ತನ್ನ ನಾಲ್ಕನೇ ಕಾನ್ಸರ್ಟೊವನ್ನು ಅವನಿಗೆ ಅರ್ಪಿಸಿದ, ಮೆಟ್ನರ್ ತನ್ನ ಎರಡನೆಯದನ್ನು ಇವನಿಗೆ. ಕ್ರಾಂತಿಯ ನಂತರ ಇಬ್ಬರೂ ದೇಶ ಬಿಟ್ಟರು. ಲಂಡನ್‌ನಲ್ಲಿ ವೃದ್ಧಾಪ್ಯ, ಅನಾರೋಗ್ಯಗಳಲ್ಲಿದ್ದ ಮೆಟ್ನರ್‌ನ ಕೈಹಿಡಿದವರು ನಮ್ಮ ಜಯಚಾಮರಾಜ ಒಡೆಯರು. ಸ್ವತಃ ಪಿಯಾನೊ ಕಲಿತಿದ್ದ ಅವರು 1940ರ ದಶಕದ ಕೊನೆಯಲ್ಲಿ ಅವನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಟ್ನರ್ ತಾನೇ ಪಿಯಾನೊ ಮುಂದೆ ಕೂತು ನುಡಿಸಿದ ಆ ತಟ್ಟೆಗಳು ಇಲ್ಲದಿದ್ದರೆ ಅವನ ಕೈಬೆರಳಿನ ನಾದ ನಮಗೆ ಇಷ್ಟು ಉಳಿಯುತ್ತಿರಲಿಲ್ಲ. ಮೆಟ್ನರ್ ತನ್ನ ಮೂರನೇ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ಈ ಸಂಗೀತದ ಬಳಗ ಕನ್ನಡ ನಾಡಿಗೆ ಪೂರ್ತಿ ಹೊರಗಿನದಲ್ಲ ಎಂದು ನೆನೆದಾಗ ನನಗೆ ನಿಜವಾಗಿಯೂ ಹೆಮ್ಮೆ ಆಗುತ್ತದೆ.

ಹಂತ 9: ಮುಂದೆ ಏನು ಕೇಳಬೇಕು

ಒಂದು ವಾರ ಬಿಟ್ಟು ಎರಡನೇ ಸಲ ಕೇಳಿ. ಈ ಸಲ ಎಣಿಸಬೇಡಿ, ಹಾರ್ನ್‌ಗಳನ್ನು ಮಾತ್ರ ಹಿಂಬಾಲಿಸಿ. ಮೂರನೇ ಸಲ ಕೆಳಗಿನ ತಂತಿಗಳನ್ನು. ದೊಡ್ಡ ವಾದ್ಯವೃಂದವನ್ನು ಒಮ್ಮೆಗೇ ಪೂರ್ತಿ ಕೇಳುವ ಕಿವಿ ಹೀಗೆ ಒಂದೊಂದೇ ಪದರ ಹಿಡಿದಾಗ ಬೆಳೆಯುತ್ತದೆ.

ಆಮೇಲೆ ರಾಕ್ಮಾನಿನಾಫ್‌ನ 'ಸಿಂಫನಿಕ್ ಡಾನ್ಸಸ್'ಗೆ ಹೋಗಿ. 1940ರದು, ಅವನ ಕೊನೆಯ ಕೃತಿ. ಮೂರನೇ ಭಾಗದಲ್ಲಿ ಗ ರಿ ಗ ಸ ಮತ್ತೆ ಬರುತ್ತದೆ, ಈ ಸಲ ಅದಕ್ಕೆ ಎದುರಾಳಿ ಇದೆ: 1915ರಲ್ಲಿ ರಷ್ಯಾದ ಚರ್ಚಿನ ರಾತ್ರಿಪೂಜೆಗಾಗಿ ಅವನೇ ಬರೆದಿದ್ದ ಗಾಯನದ ಮಟ್ಟು. ಕೊನೆಯ ಪುಟಗಳಲ್ಲಿ ಯಾವುದು ಮೇಲಾಗುತ್ತದೆ ಎಂದು ಕೇಳಿ ನೋಡಿ. ಆ ಜಾಗದಲ್ಲಿ ರಾಕ್ಮಾನಿನಾಫ್ ಸ್ವರಲಿಪಿಯ ಮೇಲೆ, ದೇವರಿಗೆ ಸ್ತೋತ್ರ ಎಂಬರ್ಥದ ಒಂದು ಪದ ಬರೆದಿದ್ದಾನೆ: ಅಲ್ಲಿಲುಯಾ.